ಹಿಟ್ಲರ್ ಸೇನೆಯನ್ನು ಸೋಲಿಸಿದ್ದು ರಷ್ಯಾದ ಚಳಿಯಾ?

ಪ್ರಶ್ನೆ: 1941ರಲ್ಲಿ ಜರ್ಮನ್ ಸೇನೆ ಮಾಸ್ಕೋ ಬಾಗಿಲಿನವರೆಗೂ ಹೋಗಿ, ಚಳಿ ತಡೆಯಲಾರದೆ ಸೋತಿತು ಎಂದು ಓದಿ ಬೆಳೆದವನು ನಾನು. ಮೊನ್ನೆ ಮಗಳಿಗೂ ಹಾಗೇ ಹೇಳಿದೆ. ‘ಅಷ್ಟು ಚಳಿ ಇದ್ರೆ ರಷ್ಯಾದವರಿಗೂ ಚಳಿ ಆಗಿರಲ್ವಾ ಅಪ್ಪಾ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು ಸಂಶಯ: ಅಮೆರಿಕದ ನೆರವು ಸಿಗದಿದ್ದರೆ ರಷ್ಯಾ ಗೆಲ್ಲುತ್ತಿರಲಿಲ್ಲ ಅನ್ನುತ್ತಾರೆ. ಅದು ಎಷ್ಟು ನಿಜ?

ಉತ್ತರ: ಮೊದಲು ಮಗಳಿಗೆ ಶಭಾಷ್ ಹೇಳಿಬಿಡಿ. ಎಷ್ಟೋ ದೊಡ್ಡವರು ಕೇಳದೆ ಬಿಟ್ಟ ಪ್ರಶ್ನೆ ಅದು.

ರಷ್ಯಾದವರಿಗೂ ಚಳಿ ಆಗುತ್ತಿತ್ತು. ಚೆನ್ನಾಗಿಯೇ ಆಗುತ್ತಿತ್ತು. 1939ರ ನವೆಂಬರ್ 30ರಂದು ಸ್ಟಾಲಿನ್ ಸೇನೆ ಪಕ್ಕದ ಪುಟ್ಟ ಫಿನ್ಲೆಂಡ್ ಮೇಲೆ ಬಿದ್ದಿತು. ಮೂರೂವರೆ ತಿಂಗಳ ಆ ಯುದ್ಧದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸೋವಿಯತ್ ಸೈನಿಕರು ಸತ್ತರು. ಕಾಡಿನ ಹಿಮದಲ್ಲಿ ಸಿಕ್ಕಿಹಾಕಿಕೊಂಡು ಮರಗಟ್ಟಿದವರೂ ಅವರಲ್ಲಿ ಬೇಕಾದಷ್ಟು ಇದ್ದರು. ಹಿಮದ ನಾಡಿನಲ್ಲಿ ಹುಟ್ಟಿದ ಮಾತ್ರಕ್ಕೆ ಬೆರಳು ಉದುರದೆ ಇರುವುದಿಲ್ಲ. ಚಳಿಗಾಲದಲ್ಲಿ ಹೇಗೆ ಯುದ್ಧ ಮಾಡಬೇಕು ಅನ್ನುವುದನ್ನು ಅವರೂ ಪೆಟ್ಟು ತಿಂದೇ ಕಲಿತರು.

ನನ್ನ ಪ್ರಕಾರ ಜರ್ಮನ್ನರ ಲೆಕ್ಕ ಕೈಕೊಟ್ಟಿದ್ದು 1941ರ ಜುಲೈ-ಆಗಸ್ಟ್‌ನಲ್ಲಿ. ಬಿಸಿಲಿನಲ್ಲಿ, ಧೂಳಿನಲ್ಲಿ. ಡಿಸೆಂಬರಿನ ಚಳಿ ಬರುವ ಹೊತ್ತಿಗೆ ಅವರು ಬಸವಳಿದು ನಿಂತಿದ್ದರು. ಯಾಕೆ ಹಾಗಾಯಿತು ಎಂದು ಹೇಳಬೇಕಾದರೆ ಲಾರಿ, ಕುದುರೆ, ಗೂಡ್ಸ್ ರೈಲುಗಳ ಕಥೆ ಹೇಳಬೇಕು. ಟ್ಯಾಂಕುಗಳ ಕಥೆ ಕೇಳಲು ಬಂದವರಿಗೆ ಸ್ವಲ್ಪ ನಿರಾಸೆ ಆಗಬಹುದು.

ದಾಳಿ ಶುರುವಾದದ್ದು 1941ರ ಜೂನ್ 22ರ ಬೆಳಗಿನ ಜಾವ. ಹೆಸರು ‘ಬಾರ್ಬರೋಸಾ’. ಸುಮಾರು 30 ಲಕ್ಷ ಜರ್ಮನ್ ಸೈನಿಕರು, ಜೊತೆಗೆ ರೊಮೇನಿಯಾ, ಫಿನ್ಲೆಂಡ್, ಹಂಗೆರಿ, ಇಟಲಿಯಂಥ ಮಿತ್ರ ದೇಶಗಳ ಪಡೆಗಳು. ಮೂರು ಸಾವಿರಕ್ಕೂ ಹೆಚ್ಚು ಟ್ಯಾಂಕ್, ಸುಮಾರು 6 ಲಕ್ಷ ಮೋಟಾರು ಗಾಡಿ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಜೊತೆಗೆ 6 ಲಕ್ಷಕ್ಕೂ ಹೆಚ್ಚು ಕುದುರೆ ಇದ್ದವು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಾವು ಸಿನಿಮಾಗಳಲ್ಲಿ ನೋಡುವುದು ಟ್ಯಾಂಕಿನ ಮೇಲೆ ಕೂತ ಜರ್ಮನ್ ಸೈನಿಕನನ್ನು. ನಿಜವಾದ ಜರ್ಮನ್ ಸೈನಿಕ ನಡೆದುಕೊಂಡೇ ಹೋದ. ಅವನ ಫಿರಂಗಿಯನ್ನು ಕುದುರೆ ಎಳೆಯಿತು. ಅವನ ರೊಟ್ಟಿ ಗಾಡಿಯಲ್ಲಿ ಬಂತು. ಟ್ಯಾಂಕ್ ಡಿವಿಷನ್‌ಗಳು (ಡಿವಿಷನ್ ಅಂದರೆ ಸಾವಿರಾರು ಸೈನಿಕರ ಒಂದು ದೊಡ್ಡ ಪಡೆ) ಈಟಿಯ ಮೊನೆಯ ಹಾಗೆ. ಹಿಂದಿನ ಕೋಲು ಪೂರ್ತಿ ಕಾಲ್ನಡಿಗೆ.

ಈ ಸೇನೆ ಸೋವಿಯತ್ ದೇಶವನ್ನು ಕೆಲವೇ ವಾರಗಳಲ್ಲಿ ಮುಗಿಸಬೇಕಿತ್ತು. ಗಡಿಯಿಂದ ಸುಮಾರು 500 ಕಿಲೋಮೀಟರ್ ಒಳಗೆ, ಅಂದರೆ ನೀಪರ್ ಮತ್ತು ದ್ವಿನಾ ನದಿಗಳನ್ನು ದಾಟುವ ಮೊದಲೇ, ಕೆಂಪು ಸೇನೆಯನ್ನು, ಅಂದರೆ ಸೋವಿಯತ್ ಸೇನೆಯನ್ನು, ಸುತ್ತುಗಟ್ಟಿ ನಾಶ ಮಾಡಬೇಕು. ಆಮೇಲೆ ಉಳಿಯುವುದು ಖಾಲಿ ನೆಲ, ಸುಮ್ನೆ ನಡೆದುಕೊಂಡು ಹೋಗಬಹುದು. ಇದು ಯೋಜನೆ.

ಆ 500 ಕಿಲೋಮೀಟರಿನ ಹಿಂದೆ ಒಂದು ಸರಳ ಲೆಕ್ಕವಿತ್ತು. ಜರ್ಮನ್ ಸೇನೆಯ ಸರಬರಾಜು ನೋಡಿಕೊಳ್ಳುತ್ತಿದ್ದವನು ಜನರಲ್ ಎಡುವಾರ್ಡ್ ವಾಗ್ನರ್. ಲಾರಿಗಳನ್ನು ನಂಬಿ ಎಷ್ಟು ದೂರ ಹೋಗಬಹುದು ಎಂದು ಅವನ ಕಚೇರಿ ಲೆಕ್ಕ ಹಾಕಿದಾಗ ಸಿಕ್ಕ ಉತ್ತರವೂ ಹೆಚ್ಚುಕಡಿಮೆ ಅಷ್ಟೇ. ಪೆಟ್ರೋಲ್ ತುಂಬಿಕೊಂಡು ಹೊರಟ ಲಾರಿ ಹೋಗಿ ಬರುವಷ್ಟರಲ್ಲಿ ತಾನೇ ಒಂದಿಷ್ಟು ಪೆಟ್ರೋಲ್ ಕುಡಿಯುತ್ತದೆ. ದೂರ ಜಾಸ್ತಿಯಾದಷ್ಟೂ ಕುಡಿಯುವುದು ಜಾಸ್ತಿ, ಕೊಡುವುದು ಕಡಿಮೆ. ಒಂದು ಹಂತದ ಆಚೆಗೆ ಲಾರಿ ತನ್ನ ಹೊಟ್ಟೆಗೇ ದುಡಿಯುತ್ತಿರುತ್ತದೆ. ಅಲ್ಲಿಂದ ಮುಂದೆ ರೈಲು ಬೇಕೇ ಬೇಕು. ಗಡಿಯಿಂದ ಮಾಸ್ಕೋಗೆ ಸುಮಾರು ಸಾವಿರ ಕಿಲೋಮೀಟರ್. ಬೆಂಗಳೂರಿನಿಂದ ಮುಂಬೈಗೆ ಇರುವಷ್ಟು ಅಂದುಕೊಳ್ಳಿ.

ಇಲ್ಲಿ ನನಗೆ ಯಾವಾಗಲೂ ಅಚ್ಚರಿ ಆಗುವ ವಿಷಯವಿದೆ. 500 ಕಿಲೋಮೀಟರಿನಲ್ಲಿ ನಮ್ಮ ಲಾರಿಗಳ ಶಕ್ತಿ ಮುಗಿಯುತ್ತದೆ ಎಂದು ಗೊತ್ತಾದಾಗ ನೀವಾದರೆ ಏನು ಮಾಡುತ್ತಿದ್ದಿರಿ? ಯೋಜನೆ ಬದಲಿಸುತ್ತಿದ್ದಿರಿ, ಅಲ್ವಾ? ಅವರು ಶತ್ರುವನ್ನು ಬದಲಿಸಿದರು. ನಮ್ಮ ಸರಬರಾಜು ಅಲ್ಲಿಗೆ ನಿಲ್ಲುತ್ತದೆ, ಹಾಗಾಗಿ ಶತ್ರುವೂ ಅಲ್ಲಿಗೇ ಮುಗಿಯುತ್ತಾನೆ ಎಂದು ನಂಬಿದರು. ಹಿಂದಿನ ವರ್ಷ ಫ್ರಾನ್ಸ್ ಆರು ವಾರಗಳಲ್ಲಿ ಬಿದ್ದಿತ್ತಲ್ಲ, ಆ ಅಮಲು ಇಳಿದಿರಲಿಲ್ಲ.

ಇನ್ನು ರೈಲು. ಸೋವಿಯತ್ ಹಳಿಯ ಅಗಲ 1,524 ಮಿಲಿಮೀಟರ್. ಜರ್ಮನಿಯದ್ದು 1,435. ಮೂರೂವರೆ ಇಂಚಿನ ವ್ಯತ್ಯಾಸ. ಮೀಟರ್ ಗೇಜ್ ಹಳಿ ಬ್ರಾಡ್ ಗೇಜ್ ಆಗುವುದನ್ನು ನೋಡಿದ ನಮ್ಮವರಿಗೆ ಇದರ ತಲೆನೋವು ಬಿಡಿಸಿ ಹೇಳಬೇಕಿಲ್ಲ. ಆದರೆ ಹಳಿ ಬದಲಿಸುವುದು ಇಲ್ಲಿ ದೊಡ್ಡ ಕಷ್ಟವಾಗಿರಲಿಲ್ಲ. ಮರದ ಸ್ಲೀಪರ್ ಮೇಲೆ ಒಂದು ಬದಿಯ ಹಳಿಯನ್ನು ಕಿತ್ತು, ಒಳಕ್ಕೆ ಸರಿಸಿ, ಮತ್ತೆ ಮೊಳೆ ಹೊಡೆದರೆ ಆಯಿತು. ನಿಜವಾದ ಕಷ್ಟ ಆಮೇಲೆ ಶುರು. ಸೋವಿಯತ್ ಎಂಜಿನ್‌ಗಳು ದೊಡ್ಡವು, ಜಾಸ್ತಿ ನೀರು ಹಿಡಿಯುತ್ತಿದ್ದವು. ಅದಕ್ಕೆ ಸರಿಯಾಗಿ ಅವರು ನೀರು ತುಂಬಿಸುವ ಸ್ಟೇಷನ್‌ಗಳನ್ನು ದೂರದೂರ ಕಟ್ಟಿದ್ದರು. ಜರ್ಮನ್ ಎಂಜಿನ್ ಚಿಕ್ಕದು. ಒಂದು ನೀರಿನ ಸ್ಟೇಷನ್‌ನಿಂದ ಇನ್ನೊಂದಕ್ಕೆ ತಲುಪುವಷ್ಟರಲ್ಲಿ ಬಾಯಾರಿಕೆ. ಹಾಗಾಗಿ ಹಳಿ ಬದಲಿಸಿದರೆ ಸಾಲದು, ನಡುವೆ ಹೊಸ ಟ್ಯಾಂಕಿ, ಹೊಸ ಪಂಪ್ ಎಲ್ಲ ಕಟ್ಟಬೇಕಾಯಿತು. ಹಿಂದೆ ಸರಿದ ಸೋವಿಯತ್ ರೈಲ್ವೆಯವರು ಎಂಜಿನ್, ವ್ಯಾಗನ್‌ಗಳನ್ನು ಕೈಲಾದಷ್ಟು ಹೊಡೆದುಕೊಂಡು ಹೋಗಿದ್ದರು.

ಲಾರಿಗಳ ಗತಿಯೂ ಅಷ್ಟೇ. ಫ್ರಾನ್ಸಿನಲ್ಲಿ ವಶಪಡಿಸಿಕೊಂಡವು, ಜರ್ಮನಿಯ ಕಂಪನಿಗಳಿಂದ ಎತ್ತಿಕೊಂಡು ಬಂದವು, ಎಲ್ಲ ಸೇರಿ ನೂರಾರು ಮಾದರಿ. ಒಂದರ ಸ್ಪೇರ್ ಪಾರ್ಟ್ ಇನ್ನೊಂದಕ್ಕೆ ಕೂರುವುದಿಲ್ಲ. ರಸ್ತೆ ಅಂದರೆ ಬಹುತೇಕ ಮಣ್ಣಿನ ದಾರಿ. ಜುಲೈ ತಿಂಗಳಲ್ಲಿ ಹಿಟ್ಟಿನಂಥ ಧೂಳು ಎದ್ದು ಫಿಲ್ಟರ್ ದಾಟಿ ಎಂಜಿನ್ ಒಳಗೆ ಹೋಯಿತು. ಎಷ್ಟೋ ಟ್ಯಾಂಕುಗಳು ಶತ್ರುವಿನ ಗುಂಡು ತಾಗದೆಯೇ, ಬರೀ ಸವೆತಕ್ಕೆ ನಿಂತುಹೋದವು. ಹಿಮ ಬೀಳಲು ಇನ್ನೂ ಮೂರು ತಿಂಗಳಿತ್ತು!

ಇದರ ಜೊತೆ ಭೂಗೋಳದ ಒಂದು ಚೇಷ್ಟೆ. ನಕ್ಷೆ ತೆಗೆದು ನೋಡಿ. ಪೋಲೆಂಡ್ ಕಡೆಯಿಂದ ಪೂರ್ವಕ್ಕೆ ಹೋದಷ್ಟೂ ನೆಲ ಅಗಲವಾಗುತ್ತದೆ, ಸೀಮೆಎಣ್ಣೆ ಹಾಕುವ ಆಲಿಕೆಯ ಹಾಗೆ. ಜರ್ಮನ್ನರು ಆಲಿಕೆಯ ಕೊಳವೆಯ ಕಡೆಯಿಂದ ನುಗ್ಗಿದರು. ಮುಂದೆ ಹೋದ ಹಾಗೆಲ್ಲ ಸೈನಿಕರ ಸಂಖ್ಯೆ ಕರಗುತ್ತಿತ್ತು, ಕಾಯಬೇಕಾದ ಸಾಲು ಉದ್ದವಾಗುತ್ತಿತ್ತು.

ಹಾಗಂತ ಅವರು ಗೆಲ್ಲುತ್ತಿರಲಿಲ್ಲ ಅಂದುಕೊಳ್ಳಬೇಡಿ. ಭಯಂಕರವಾಗಿ ಗೆಲ್ಲುತ್ತಿದ್ದರು. ಸ್ಟಾಲಿನ್ ತನ್ನ ಅನುಭವಿ ಸೇನಾಧಿಕಾರಿಗಳನ್ನು 1937-38ರಲ್ಲಿ ತಾನೇ ಕೊಲ್ಲಿಸಿದ್ದ. ದಾಳಿಯ ಬಗ್ಗೆ ಬಂದ ಎಚ್ಚರಿಕೆಗಳನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅದರ ಬೆಲೆಯನ್ನು ಸೈನಿಕರು ತೆತ್ತರು. ಮಿನ್ಸ್ಕ್ ಬಳಿ ಸುಮಾರು ಮೂರು ಲಕ್ಷ ಸೆರೆ. ಮಾಸ್ಕೋ ದಾರಿಯಲ್ಲಿರುವ ಸ್ಮೊಲೆನ್ಸ್ಕ್ ಬಳಿ ಮತ್ತೆ ಅಷ್ಟೇ. ಸೆಪ್ಟೆಂಬರಿನಲ್ಲಿ ಕೀವ್ ಸುತ್ತ 6 ಲಕ್ಷಕ್ಕೂ ಹೆಚ್ಚು ಜನರನ್ನು ಹಿಡಿದೆವು ಎಂದು ಜರ್ಮನ್ನರು ಹೇಳಿಕೊಂಡರು. ಇನ್ಯಾವ ದೇಶವಾದರೂ ಅಷ್ಟಕ್ಕೇ ಶರಣಾಗುತ್ತಿತ್ತೇನೋ.

ಇಲ್ಲಿ ಜರ್ಮನ್ ಭೂಸೇನೆಯ ಜನರಲ್ ಸ್ಟಾಫ್ (ಯುದ್ಧದ ಯೋಜನೆ ಹಾಕುವ ವಿಭಾಗ) ಮುಖ್ಯಸ್ಥ ಫ್ರಾಂಜ್ ಹಾಲ್ಡರ್‌ನ ದಿನಚರಿ ಕೆಲಸಕ್ಕೆ ಬರುತ್ತದೆ. ಜುಲೈ 3ರಂದು ಅವನು, ಎರಡೇ ವಾರಗಳಲ್ಲಿ ಈ ಯುದ್ಧ ಗೆದ್ದಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ ಎಂಬ ಅರ್ಥದ ಮಾತು ಬರೆದ. ಆಗಸ್ಟ್ 11ರಂದು ಅದೇ ಕೈ ಬೇರೆಯೇ ಬರೆಯಿತು. ಶತ್ರುವಿನ ಹತ್ತಿರ ಸುಮಾರು 200 ಡಿವಿಷನ್ ಇರಬಹುದು ಎಂದು ಲೆಕ್ಕ ಹಾಕಿದ್ದೆವು, ಈಗಾಗಲೇ 360 ಎಣಿಸಿದ್ದೇವೆ, ಒಂದು ಡಜನ್ ಪುಡಿ ಮಾಡಿದರೆ ಇನ್ನೊಂದು ಡಜನ್ ತಂದು ನಿಲ್ಲಿಸುತ್ತಾರೆ ಎಂದು. ಈ ಎರಡು ಪುಟಗಳ ನಡುವೆ 39 ದಿನ. ಯುದ್ಧ ತಿರುಗಿದ್ದು ಎಲ್ಲಿ ಎಂದು ಕೇಳಿದವರಿಗೆ ನಾನು ಈ 39 ದಿನಗಳನ್ನು ತೋರಿಸುತ್ತೇನೆ.

ಆ ಹೊಸ ಡಿವಿಷನ್‌ಗಳು ಎಲ್ಲಿಂದ ಬಂದವು? ಸೋವಿಯತ್ ದೇಶದಲ್ಲಿ ಒಮ್ಮೆ ಸೇನಾ ತರಬೇತಿ ಪಡೆದು ಮನೆಗೆ ಹೋದವರ ದೊಡ್ಡ ಪಟ್ಟಿಯೇ ಇತ್ತು. ದಾಳಿಯಾದ ಒಂದೇ ವಾರದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿಗೆ ಕರೆ ಹೋಯಿತು. ಅರೆಬರೆ ತರಬೇತಿ, ಅರೆಬರೆ ಬಂದೂಕು. ಅವರಲ್ಲಿ ಬಹಳ ಜನ ವಾಪಸ್ ಬರಲಿಲ್ಲ. ಆದರೆ ಸ್ಮೊಲೆನ್ಸ್ಕ್ ಸುತ್ತ ಎರಡು ತಿಂಗಳು ಜರ್ಮನ್ನರನ್ನು ಕಟ್ಟಿ ಹಾಕಿದವರು ಅವರೇ. ಜುಲೈ ಕೊನೆಗೆ ಜರ್ಮನ್ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 2 ಲಕ್ಷ ದಾಟಿತ್ತು. ಸೆಪ್ಟೆಂಬರ್ ಕೊನೆಗೆ 5 ಲಕ್ಷ. ಅಷ್ಟು ಜನರ ಜಾಗ ತುಂಬಲು ಜರ್ಮನಿಯಲ್ಲಿ ತಯಾರಿದ್ದ ಹುಡುಗರು ಸಾಲಲಿಲ್ಲ.

ಆಗಸ್ಟಿನಲ್ಲಿ ನೇರ ಮಾಸ್ಕೋಗೆ ಹೋಗದೆ ಹಿಟ್ಲರ್ ಟ್ಯಾಂಕುಗಳನ್ನು ಕೀವ್ ಕಡೆ ತಿರುಗಿಸಿದ್ದೇ ತಪ್ಪು ಎಂದು ಕೆಲವರು ವಾದಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಆಗಸ್ಟಿನಲ್ಲಿ ಮಾಸ್ಕೋಗೆ ಹೋಗಲು ಬೇಕಾದ ಪೆಟ್ರೋಲ್, ಮದ್ದುಗುಂಡಿನ ದಾಸ್ತಾನು ಸ್ಮೊಲೆನ್ಸ್ಕ್ ಹತ್ತಿರ ಇರಲೇ ಇಲ್ಲ. ರೈಲು ತಂದು ಹಾಕಬೇಕಿತ್ತು, ಅದಕ್ಕೆ ವಾರಗಟ್ಟಲೆ ಹಿಡಿಯಿತು.

ಮಾಸ್ಕೋ ಮೇಲಿನ ದಾಳಿ ಅಕ್ಟೋಬರ್ 2ರಂದು ಶುರುವಾಯಿತು. ದಕ್ಷಿಣದ ಕಡೆಯ ಟ್ಯಾಂಕ್ ಪಡೆಯ ಜನರಲ್ ಗುಡೇರಿಯನ್ ಎರಡು ದಿನ ಮೊದಲೇ ಹೊರಟಿದ್ದ. ಅವನ ಟ್ಯಾಂಕುಗಳು ಅಕ್ಟೋಬರ್ 3ರಂದು ಒರ್ಯೋಲ್ ನಗರಕ್ಕೆ ನುಗ್ಗಿದಾಗ ಬೀದಿಯಲ್ಲಿ ಟ್ರಾಮ್ ಓಡಾಡುತ್ತಿತ್ತಂತೆ. ಜನರಿಗೆ ಜರ್ಮನ್ನರು ಹತ್ತಿರದಲ್ಲಿದ್ದಾರೆ ಅನ್ನುವುದೇ ಗೊತ್ತಿರಲಿಲ್ಲ. ವ್ಯಾಜ್ಮಾ, ಬ್ರಿಯಾನ್ಸ್ಕ್ ಬಳಿ ಮತ್ತೆ ಲಕ್ಷಗಟ್ಟಲೆ ಸೆರೆ. ಆಮೇಲೆ ಮಳೆ ಬಂತು. ರಷ್ಯಾದ ಶರತ್ಕಾಲದ ಕೆಸರು ಎಂಥದ್ದೆಂದರೆ ಗಾಡಿಯ ಗಾಲಿ ಅಚ್ಚಿನವರೆಗೂ ಹೂತುಹೋಗುತ್ತದೆ.

ಈಗ ಮಗಳಿಗೆ ಹೇಳಲೇಬೇಕಾದ ವಿಷಯ. ಆ ಕೆಸರಿನಿಂದ ಜರ್ಮನ್ನರನ್ನು ಎತ್ತಿದ್ದೇ ಚಳಿ! ನವೆಂಬರಿನ ಮೊದಲ ಚಳಿಗೆ ನೆಲ ಗಟ್ಟಿಯಾಯಿತು, ರಸ್ತೆ ಸಿಮೆಂಟಿನ ಹಾಗಾಯಿತು. ಜರ್ಮನ್ ಜನರಲ್‌ಗಳು ಅದಕ್ಕಾಗಿ ಕಾಯುತ್ತಿದ್ದರು. ನವೆಂಬರ್ 15ರ ಸುಮಾರಿಗೆ ಮತ್ತೆ ಹೊರಟು, ಮಾಸ್ಕೋದ ಹೊರವಲಯಕ್ಕೆ 30 ಕಿಲೋಮೀಟರ್ ಒಳಗೆ ಬಂದರು. ಚಳಿ ಅವರಿಗೆ ದಾರಿ ಮಾಡಿಕೊಟ್ಟಿತ್ತು. ದಾರಿಯಲ್ಲಿ ನಡೆಯಲು ಜನ ಉಳಿದಿರಲಿಲ್ಲ, ಅಷ್ಟೇ.

ಬೆಚ್ಚನೆ ಬಟ್ಟೆ ಯಾಕೆ ಇರಲಿಲ್ಲ? ಪೂರ್ತಿ ಇರಲಿಲ್ಲ ಅಂತಲ್ಲ. ಯುದ್ಧ ಬೇಸಿಗೆಯಲ್ಲೇ ಮುಗಿಯುತ್ತದೆ, ಕಾವಲಿಗೆ ಉಳಿಯುವವರಿಗೆ ಮಾತ್ರ ಚಳಿಗಾಲದ ಬಟ್ಟೆ ಸಾಕು ಎಂದು ಲೆಕ್ಕ ಹಾಕಿದ್ದರು. ಇದ್ದ ಬಟ್ಟೆಯೂ ಬಹುಪಾಲು ಹಿಂದೆ ಪೋಲೆಂಡ್ ಕಡೆಯ ಡಿಪೋಗಳಲ್ಲೇ ಕೂತಿತು. ದಿನಕ್ಕೆ ಬರುವ ರೈಲುಗಳು ಬೆರಳೆಣಿಕೆಯಷ್ಟು. ಅದರಲ್ಲಿ ಶೆಲ್ ತರಬೇಕೋ, ಪೆಟ್ರೋಲೋ, ಕೋಟೋ? ದಾಳಿ ನಿಲ್ಲಿಸಬಾರದು ಎಂದು ಮೇಲಿನವರು ಹಟ ಹಿಡಿದದ್ದರಿಂದ ಕೋಟು ಹಿಂದೆ ಬಿತ್ತು. ಜರ್ಮನ್ ಎಂಜಿನ್‌ಗಳ ನೀರಿನ ಕೊಳವೆಗಳು ಬಾಯ್ಲರಿನ ಹೊರಗಡೆ ಇದ್ದವು. ಅವು ಹೆಪ್ಪುಗಟ್ಟಿ ಒಡೆದವು. ಬರುತ್ತಿದ್ದ ರೈಲೂ ನಿಂತಿತು. ಸೈನಿಕನ ಬೂಟಿನ ಅಡಿಯಲ್ಲಿ ಕಬ್ಬಿಣದ ಮೊಳೆ, ಅದು ಚಳಿಯನ್ನು ಸೀದಾ ಪಾದಕ್ಕೆ ಮುಟ್ಟಿಸುತ್ತಿತ್ತು. ರಷ್ಯನ್ನರು ಹಾಕುತ್ತಿದ್ದುದು ‘ವಾಲೆಂಕಿ’, ಒತ್ತಿದ ಉಣ್ಣೆಯ ಸಡಿಲ ಬೂಟು. ಡಿಸೆಂಬರ್ ಕೊನೆಯಲ್ಲಿ ಹಿಟ್ಲರ್‌ನ ಪ್ರಚಾರ ಮಂತ್ರಿ ಗೋಬೆಲ್ಸ್ ರೇಡಿಯೋದಲ್ಲಿ ಜರ್ಮನಿಯ ಮನೆಮನೆಯಿಂದ ತುಪ್ಪಳದ ಕೋಟು, ಸ್ವೆಟರ್ ಬೇಡಿದ. ಆ ಚಳಿಗಾಲದಲ್ಲಿ ಹಿಮದ ಹೊಡೆತಕ್ಕೆ ಸಿಕ್ಕ ಜರ್ಮನ್ ಸೈನಿಕರು ಒಂದು ಲಕ್ಷಕ್ಕೂ ಜಾಸ್ತಿ. ಮುಂದೆ ಅಲ್ಲಿ ಇದ್ದವರಿಗೆಲ್ಲ ಒಂದು ಪದಕ ಕೊಟ್ಟರು. ಸೈನಿಕರು ಅದಕ್ಕೆ ಇಟ್ಟ ಹೆಸರು ‘ಹೆಪ್ಪುಗಟ್ಟಿದ ಮಾಂಸದ ಪದಕ’.

ಹಾಗಾಗಿ ಚಳಿಗೆ ಪಾಲೇ ಇಲ್ಲ ಅನ್ನುತ್ತಿಲ್ಲ. ಆದರೆ ಡಿಸೆಂಬರ್ 5 ಮತ್ತು 6ರಂದು ಮಾಸ್ಕೋ ಮುಂದೆ ಜರ್ಮನ್ನರನ್ನು ಹಿಂದಕ್ಕೆ ತಳ್ಳಿದ್ದು ಸೋವಿಯತ್ ಜನರಲ್‌ಗಳಾದ ಝುಕೋವ್ ಮತ್ತು ಕೋನೆವ್ ಅವರ ಪಡೆಗಳು, ಹೊಸದಾಗಿ ಕಟ್ಟಿದ ಮೀಸಲು ಸೇನೆಗಳು. ಸೈಬೀರಿಯಾದಿಂದ ಬಂದ ಡಿವಿಷನ್‌ಗಳ ಕಥೆ ನೀವು ಕೇಳಿರುತ್ತೀರಿ. ಅವು ಬಂದದ್ದು ನಿಜ, ಆದರೆ ಇಡೀ ಪ್ರತಿದಾಳಿಗೆ ಅವೇ ಕಾರಣ ಅನ್ನುವುದು ಅತಿಯಾಯಿತು. ಇನ್ನೊಂದು ಅನುಕೂಲವೂ ಸೋವಿಯತ್ ಕಡೆಗಿತ್ತು. ಅವರ ದೇಶದ ರೈಲು ಮಾರ್ಗಗಳೆಲ್ಲ ಮಾಸ್ಕೋಗೇ ಬಂದು ಸೇರುತ್ತಿದ್ದವು. ಜರ್ಮನ್ನರು ಹತ್ತಿರ ಬಂದಷ್ಟೂ ತಮ್ಮ ಡಿಪೋದಿಂದ ದೂರವಾದರು, ರಷ್ಯನ್ನರು ತಮ್ಮದಕ್ಕೆ ಹತ್ತಿರವಾದರು.

ಸರಬರಾಜಿನ ಮಾತು ಬಂದಾಗ ಒಂದು ಕರಾಳ ವಿಷಯ ಬಿಡುವ ಹಾಗಿಲ್ಲ. ರೈಲಿನಲ್ಲಿ ಜಾಗವಿಲ್ಲ, ಆದ್ದರಿಂದ ಸೇನೆ ಅಲ್ಲಿನ ನೆಲದ ಅನ್ನವನ್ನೇ ತಿನ್ನಬೇಕು ಎಂದು ಜರ್ಮನ್ ಅಧಿಕಾರಿಗಳು 1941ರ ಮೇ ತಿಂಗಳಲ್ಲೇ ತೀರ್ಮಾನಿಸಿದ್ದರು. ಇದರಿಂದ ಅಲ್ಲಿನ ಕೋಟ್ಯಂತರ ಜನ ಹಸಿವಿನಿಂದ ಸಾಯುತ್ತಾರೆ ಎಂಬುದು ಅವರ ಕಡತಗಳಲ್ಲೇ ಇದೆ. ತಪ್ಪಿ ಆದದ್ದಲ್ಲ. ಸೆರೆ ಸಿಕ್ಕ ಸೋವಿಯತ್ ಸೈನಿಕರನ್ನು ಮುಳ್ಳುತಂತಿ ಹಾಕಿದ ಬಯಲಿನಲ್ಲಿ ಬಿಟ್ಟರು. 1942ರ ಫೆಬ್ರವರಿ ಹೊತ್ತಿಗೆ ಅವರಲ್ಲಿ ಸುಮಾರು 20 ಲಕ್ಷ ಜನ ಹಸಿವು, ರೋಗ, ಚಳಿ, ಗುಂಡಿಗೆ ಸತ್ತಿದ್ದರು. 1941ರ ಚಳಿ ಅತಿ ಹೆಚ್ಚು ಜನರನ್ನು ಕೊಂದ ಜಾಗಗಳನ್ನು ಹುಡುಕಿದರೆ ಈ ಬಯಲುಗಳು ಸಿಗುತ್ತವೆ. ಅಲ್ಲಿ ಸತ್ತವರು ಸೋವಿಯತ್ ಸೈನಿಕರು.

ಹಾಗಾದರೆ ಚಳಿಯ ಕಥೆ ಇಷ್ಟು ಹರಡಿದ್ದು ಹೇಗೆ? ಅರ್ಧ ಕಾರಣ ಜರ್ಮನ್ ಜನರಲ್‌ಗಳು. ಯುದ್ಧ ಮುಗಿದ ಮೇಲೆ ಅವರು ನೆನಪುಗಳನ್ನು ಬರೆದರು. ಹಾಲ್ಡರ್ ಅಂತೂ ವರ್ಷಗಟ್ಟಲೆ ಅಮೆರಿಕ ಸೇನೆಯ ಇತಿಹಾಸ ವಿಭಾಗಕ್ಕಾಗಿ ಕೆಲಸ ಮಾಡಿದ. ನಮ್ಮ ಲೆಕ್ಕ ತಪ್ಪಿತು ಅನ್ನುವುದಕ್ಕಿಂತ ಹಿಟ್ಲರ್ ಹುಚ್ಚ, ಹವಾಮಾನ ಕೆಟ್ಟದ್ದು ಅನ್ನುವುದು ಸುಲಭ. ಸತ್ತ ಹಿಟ್ಲರ್ ಆಗಲಿ, ಹವಾಮಾನವಾಗಲಿ ತಿರುಗಿ ಮಾತಾಡುವುದಿಲ್ಲ. ಇನ್ನರ್ಧ ಕಾರಣ ನೆಪೋಲಿಯನ್. ಆದರೆ ಅವನದ್ದೂ ಇದೇ ಕಥೆ. 1812ರ ಜೂನ್ 24ರಂದು ನಾಲ್ಕು ಲಕ್ಷಕ್ಕೂ ಹೆಚ್ಚು ಜನರೊಂದಿಗೆ ನೀಮೆನ್ ನದಿ ದಾಟಿದ ಅವನ ಬಳಿ, ಸೆಪ್ಟೆಂಬರ್ 7ರ ಬೊರೊದಿನೋ ಕದನದ ಹೊತ್ತಿಗೆ ಉಳಿದಿದ್ದು ಸುಮಾರು 1.3 ಲಕ್ಷ. ಒಂದಷ್ಟು ಪಡೆ ದಾರಿಯ ಕಾವಲಿಗೆ ಹೋಗಿತ್ತು. ಮಿಕ್ಕವರನ್ನು ಬೇಸಿಗೆಯ ಸೆಖೆ, ಹಸಿವು, ಟೈಫಸ್ ಜ್ವರ ತಿಂದಿದ್ದವು.

ಎರಡನೇ ಪ್ರಶ್ನೆಗೆ ಬರೋಣ. 1941ರಲ್ಲಿ ಸೋವಿಯತ್ ದೇಶ ಉಳಿದದ್ದು ಹೆಚ್ಚಾಗಿ ತನ್ನ ಕೈಯಿಂದಲೇ. ಆ ವರ್ಷ ಜುಲೈನಿಂದ ನವೆಂಬರ್ ಒಳಗೆ 1,523 ಕಾರ್ಖಾನೆಗಳನ್ನು ಬಿಚ್ಚಿ, ರೈಲಿಗೆ ಹೇರಿ, ಪೂರ್ವಕ್ಕೆ ಸಾಗಿಸಿದರು. ಖಾರ್ಕೋವ್‌ನ ಟ್ಯಾಂಕ್ ಕಾರ್ಖಾನೆ ಉರಲ್‌ನ ನಿಜ್ನಿ ತಾಗಿಲ್‌ಗೆ ಹೋಯಿತು. ಲೆನಿನ್‌ಗ್ರಾಡ್‌ನ ಕಿರೋವ್ ಕಾರ್ಖಾನೆಯ ಯಂತ್ರಗಳು, ಕೆಲಸಗಾರರು ಚೆಲ್ಯಾಬಿನ್ಸ್ಕ್ ಸೇರಿದರು. ಜನ ಆ ಊರನ್ನು ‘ಟ್ಯಾಂಕೋಗ್ರಾಡ್’ ಎಂದು ಕರೆದರು. 1942ರಲ್ಲಿ ಸೋವಿಯತ್ ಕಾರ್ಖಾನೆಗಳು ಸುಮಾರು 24 ಸಾವಿರ ಟ್ಯಾಂಕ್ ಮಾಡಿದವು. ಜರ್ಮನಿ ಮಾಡಿದ್ದು ಸುಮಾರು 6 ಸಾವಿರ.

ಆದರೆ 1943ರ ನಂತರದ ಕಥೆಯಲ್ಲಿ ಅಮೆರಿಕದ ಪಾಲು ದೊಡ್ಡದು. ಮುಖ್ಯವಾಗಿ ಗಾಲಿಗಳಲ್ಲಿ. 4 ಲಕ್ಷದಷ್ಟು ಜೀಪು-ಲಾರಿ, ಸುಮಾರು 2 ಸಾವಿರ ರೈಲ್ವೆ ಎಂಜಿನ್, ಜೊತೆಗೆ ಡಬ್ಬಿ ಮಾಂಸ, ಬೂಟು, ಟೆಲಿಫೋನ್ ತಂತಿ. ಸೋವಿಯತ್ ಸೈನಿಕರು ಮೆಚ್ಚಿಕೊಂಡಿದ್ದು ಸ್ಟುಡಿಬೇಕರ್ ಲಾರಿಯನ್ನು. ಈ ಸಾಮಾನಿನ ಒಂದು ದೊಡ್ಡ ಪಾಲು ಇರಾನ್ ದಾರಿಯಲ್ಲಿ ಬಂತು. ಅಲ್ಲಿ ನಮ್ಮವರೂ ಇದ್ದಾರೆ. 1941ರ ಆಗಸ್ಟ್ 25ರಂದು ಬ್ರಿಟನ್ ಮತ್ತು ಸೋವಿಯತ್ ಪಡೆಗಳು ಇರಾನ್ ಪ್ರವೇಶಿಸಿದಾಗ ಬ್ರಿಟನ್ ಕಡೆಯಿಂದ ಹೋದವರಲ್ಲಿ ಭಾರತೀಯ ಸೇನೆಯ 8ನೇ ಮತ್ತು 10ನೇ ಡಿವಿಷನ್‌ಗಳಿದ್ದವು. ಬಳಿಕ ಆ ದಾರಿಯಲ್ಲಿ ಸಾಮಾನು ಸಾಗಿಸುವ ಕೆಲಸದಲ್ಲೂ ಭಾರತೀಯ ಲಾರಿ ಪಡೆಗಳು ದುಡಿದವು.

ನೆರವು ಇಲ್ಲದಿದ್ದರೆ ಸೋಲುತ್ತಿದ್ದರಾ? ನನ್ನ ಅಂದಾಜಿನಲ್ಲಿ ಸೋಲುತ್ತಿರಲಿಲ್ಲ, ಆದರೆ ಬರ್ಲಿನ್ ತಲುಪಲು ಇನ್ನೂ ಒಂದೆರಡು ವರ್ಷ ಹಿಡಿಯುತ್ತಿತ್ತು. ಆಗಲೇ ಆ ದೇಶ ಕಳೆದುಕೊಂಡ ಜನ ಸುಮಾರು 2.66 ಕೋಟಿ. ಇನ್ನೆಷ್ಟು ಆಗುತ್ತಿತ್ತೋ.

ಕೊನೆಗೆ, ಚಳಿ ಇಲ್ಲದಾಗ ಏನಾಯಿತು ಎಂದು ಮಗಳು ಕೇಳಿದರೆ 1944ರ ‘ಬಗ್ರಾತಿಯಾನ್’ ಕಾರ್ಯಾಚರಣೆಯ ಬಗ್ಗೆ ಹೇಳಿ. ಜೂನ್ 22, ಜರ್ಮನ್ ದಾಳಿ ಶುರುವಾಗಿ ಸರಿಯಾಗಿ ಮೂರು ವರ್ಷ. ಬೆಲಾರೂಸ್‌ನ ಕಾಡು-ಜೌಗಿನ ನಡುವೆ ಅಂದಿನಿಂದ ಶುರುವಾದ ಈ ದಾಳಿಯಲ್ಲಿ ಸೋವಿಯತ್ ಸೇನೆ ಕೆಲವೇ ವಾರಗಳಲ್ಲಿ ಜರ್ಮನ್ನರ ಇಡೀ ಮಧ್ಯ ಸೇನಾ ಸಮೂಹವನ್ನೇ ಒಡೆದು ಹಾಕಿತು. 1942-43ರಲ್ಲಿ ಸ್ಟಾಲಿನ್‌ಗ್ರಾಡ್ ನಗರದ ಬಳಿ ಜರ್ಮನ್ನರು ಕಂಡ ಸೋಲಿಗಿಂತ ದೊಡ್ಡ ಪೆಟ್ಟು ಅದು. ಈ ಸಲ ಲಾರಿಗಳು ಸೋವಿಯತ್ ಕಡೆಯವು. ನಡೆದುಕೊಂಡು, ಕುದುರೆ ಗಾಡಿಯಲ್ಲಿ ಹಿಂದೆ ಓಡುತ್ತಿದ್ದವರು ಜರ್ಮನ್ನರು. ಜುಲೈ 17ರಂದು ಸೆರೆ ಸಿಕ್ಕ ಸುಮಾರು 57 ಸಾವಿರ ಜರ್ಮನ್ ಸೈನಿಕರನ್ನು ಮಾಸ್ಕೋದ ಬೀದಿಗಳಲ್ಲಿ ಮೆರವಣಿಗೆ ಮಾಡಿಸಿದರು. ಜನ ಎರಡೂ ಬದಿಯಲ್ಲಿ ನಿಂತು ನೋಡಿದರು. ಸಾಲಿನ ಹಿಂದೆಯೇ ನೀರಿನ ಲಾರಿಗಳು ರಸ್ತೆ ತೊಳೆಯುತ್ತಾ ಬಂದವು. ಅಂದು ಮಾಸ್ಕೋದಲ್ಲಿ ನಡು ಬೇಸಿಗೆ.